ದಶಮಾಂಶ ಸಂಖ್ಯೆಗಳ ಸಮತ್ವ ಪರೀಕ್ಷೆ: ಆಲಮಟ್ಟಿ ಉದಾಹರಣೆ

(ಕಂಪ್ಯೂಟರ್ ಜ್ಞಾನ)

• ಅವಿಭಜಿತ ಬಸವನ ಬಾಗೇವಾಡಿ ತಾಲೂಕಿನ (ಈಗ ನಿಡಗುಂದಿ) ಆಲಮಟ್ಟಿ ಜಲಾಶಯದ ಗರಿಷ್ಠ ನೀರಿನ ಮಟ್ಟ 519.60 ಮೀಟರ್.

• ಸಿ ಭಾಷೆಯಲ್ಲಿ ಇದನ್ನು ‘ಫ್ಲೋಟ್’ ವೇರಿಯಬಲ್‌ನಲ್ಲಿಟ್ಟು, 519.6ಕ್ಕೆ ಸಮವೇ ಎಂದು ‘==’ ಬಳಸಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಅಲ್ಲ’. ಡ್ಯಾಂ ತುಂಬಿದ್ದರೂ ಈ ಪರೀಕ್ಷೆಯನ್ನು ನಂಬಿದ ಎಚ್ಚರಿಕೆ ಗಂಟೆ ಮೊಳಗದು!

• ಕಾರಣ: 519.6 ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಆವರ್ತ ಸಂಖ್ಯೆ. 32 ಬಿಟ್ ಫ್ಲೋಟ್‌ನಲ್ಲಿ ಉಳಿಯುವುದು ಸುಮಾರು 519.599976. ಬರೀ 519.6 ಎಂದು ಬರೆದರೆ ಅದು 64 ಬಿಟ್ ‘ಡಬಲ್’, ಎರಡೂ ತಾಳೆಯಾಗವು.

• ಫ್ಲೋಟ್, ಡಬಲ್‌ ರಚನೆಯ ಮಾನದಂಡ: ಐಇಇಇ 754 (ಮೊದಲು ಬಂದದ್ದು 1985ರಲ್ಲಿ).

• ಡಬಲ್‌ನಲ್ಲಿ 0.1 + 0.2 = 0.30000000000000004. ಆದರೆ 0.5 + 0.25 = 0.75 ನಿಖರ, ಇವುಗಳ ಛೇದ 2ರ ಘಾತ.

• ಪರಿಹಾರ: ವ್ಯತ್ಯಾಸದ ನಿರಪೇಕ್ಷ ಮೌಲ್ಯವು ಅಳತೆಗೆ ತಕ್ಕ ಸಣ್ಣ ಮಿತಿಯೊಳಗಿದೆಯೇ ನೋಡಬೇಕು. ಮಟ್ಟ ಮುಟ್ಟಿತೇ ಎಂದು ತಿಳಿಯಲು ‘>=’ ಬಳಸಿದರೂ ಈ ಮಿತಿ ಬೇಕು. ಇಂಡಿ ತಾಲೂಕಿನ ನಿಂಬೆ ವಹಿವಾಟಿನಂಥ ಹಣದ ಲೆಕ್ಕವನ್ನು ಪೈಸೆಯ ಪೂರ್ಣಾಂಕದಲ್ಲಿಡಬೇಕು.

ಮಾದರಿ ಪ್ರಶ್ನೆ: ದ್ವಿಮಾನದಲ್ಲಿ ನಿಖರವಾಗಿ ಬರೆಯಬಹುದಾದುದು ಯಾವುದು?
ಅ) 0.1 ಆ) 0.2 ಇ) 0.3 ಈ) 0.375
ಉತ್ತರ: ಈ (3/8)