ಅಂಗಳಕ್ಕೊಂದು ಹೊಳೆದಾಸವಾಳ

ಏಪ್ರಿಲ್ ಮುಗಿಯುತ್ತಿದ್ದಂತೆ ಬೆಳಗಾವಿಯಲ್ಲಿ ಎಲ್ಲರ ಕಣ್ಣು ಗುಲ್‌ಮೊಹರಿನ ಮೇಲೆ. ಚೆಂದವೇನೋ ಹೌದು. ಆದರೆ ಮಡಗಾಸ್ಕರ್‌ನಿಂದ ಬಂದ ಆ ಮರದ ಟೊಂಗೆ ಪೆಡಸು, ಅಡ್ಡಮಳೆಯ ಗಾಳಿಗೆ ಮುರಿದು ಬೀಳುತ್ತದೆ. ಮನೆ ಮುಂದೆ ಇಡುವುದಾದರೆ ನನ್ನ ಮತ ಹೊಳೆದಾಸವಾಳಕ್ಕೆ.

ಹೆಸರಷ್ಟೇ ದಾಸವಾಳ, ಕುಲ ನೋಡಿದರೆ ದಾಳಿಂಬೆ, ಮದರಂಗಿಯ ಬಳಗ. ಖಾನಾಪುರ ಕಾಡಿನ ನಂದಿ ಮರ ಇದರ ದಾಯಾದಿ. ಮರಾಠಿ ಮಾತಾಡುವ ನೆರೆಯವರು ಇದನ್ನು ತಾಮಣ ಎನ್ನುತ್ತಾರೆ, ಮಹಾರಾಷ್ಟ್ರದ ರಾಜ್ಯಪುಷ್ಪವೂ ಇದೇ. ಘಟ್ಟದ ಹಳ್ಳದ ದಂಡೆ ತವರಾದ್ದರಿಂದ ನಮ್ಮ ಮಳೆ ಇದಕ್ಕೆ ಹೊಸದಲ್ಲ.

ಎರಡು ಅಡಿ ಉದ್ದ, ಅಗಲ, ಆಳದ ತಗ್ಗನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲವಾದರೆ ಇನ್ನಷ್ಟು ಅಗಲ ಬೇಕು. ನಗರದ ಹೊಸ ಬಡಾವಣೆಗಳಲ್ಲಿ ಸಿಗುವುದು ಮಣ್ಣಲ್ಲ, ಇಟ್ಟಿಗೆ ಚೂರು, ಅದನ್ನು ತೆಗೆದುಹಾಕಿ. ಕೆಂಪು ಮಣ್ಣು, ಒಂದು ಬುಟ್ಟಿ ತಿಪ್ಪೆಗೊಬ್ಬರ ತುಂಬಿ, ಮಿರಗದ ಮಳೆ ನೆಲ ನೆನೆಸಿದ ಮೇಲೆ ಸಸಿ ನೆಡಿ. ಗೋಡೆಯಿಂದ 15 ಅಡಿ ದೂರವಿರಲಿ. ಖಾನಾಪುರದ ಜುಲೈ ಮಳೆಗೆ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ. ಮೊದಲೆರಡು ಬೇಸಿಗೆ ವಾರಕ್ಕೆರಡು ಸಲ ನೀರು ಬೇಕು. ಅಕ್ಕಿ ತೊಳೆದ ನೀರೂ ನಡೆಯುತ್ತದೆ.

ಹೆಚ್ಚಿನವರು ಎಡವುವುದು ಟೊಂಗೆ ಸವರುವಲ್ಲಿ. ಹೂಗೊಂಚಲು ಬರುವುದು ಅದೇ ವರ್ಷ ಒಡೆದ ಚಿಗುರಿನ ತುದಿಯಲ್ಲಿ. ಚಳಿಗಾಲದಲ್ಲಿ ಎಲೆ ಕೆಂಪೇರಿ ಉದುರುತ್ತದೆ. ಹೊಸ ಚಿಗುರಿಗೆ ಮುಂಚೆ, ಜನವರಿಯೊಳಗೆ ಕತ್ತರಿ ಕೆಲಸ ಮುಗಿಸಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು ಹೋದರೆ ಸಾಕು. ಮಾರ್ಚ್‌ನಲ್ಲಿ ಕರೆಂಟಿನ ತಂತಿಗೆ ತಾಗುತ್ತದೆಂದು ತಲೆ ಬೋಳಿಸಿದರೆ ಆ ವರ್ಷದ ಹೂವನ್ನೇ ಕಡಿದಂತೆ. ತಂತಿಯ ಕೆಳಗೆ ನೆಡಬಾರದಿತ್ತು, ಅಷ್ಟೆ.

30×40ರ ಸೈಟಿನವರಿಗೆ ಹೊಳೆದಾಸವಾಳದ ಕುಳ್ಳ ದಾಯಾದಿ, ನರ್ಸರಿಯವರು ಕ್ರೇಪ್ ಮಿರ್ಟಲ್ ಎನ್ನುವ ಪೊದೆ, ಸರಿಹೊಂದುತ್ತದೆ. ಎಂಟು-ಹತ್ತು ಅಡಿಗೆ ನಿಲ್ಲಿಸಬಹುದು, ಕಡ್ಡಿಯಿಂದಲೂ ಬರುತ್ತದೆ. ಆದರೆ ನೆರಳಲ್ಲಿಟ್ಟರೆ ಎಲೆಗೆ ಬೂದಿ ರೋಗ ತಪ್ಪದು. ಲೀಟರ್ ನೀರಿಗೆ 3 ಗ್ರಾಂ ನೀರಲ್ಲಿ ಕರಗುವ ಗಂಧಕ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ.

ಹೊಳೆದಾಸವಾಳದ ಬೀಜದ ಸಸಿಯಲ್ಲಿ ಬಣ್ಣ ಒಂದೇ ತೆರನಾಗಿರುವುದಿಲ್ಲ, ಗುಲಾಬಿಯಿಂದ ನೇರಳೆಯವರೆಗೆ ಯಾವುದೂ ಬರಬಹುದು. ಕಡುನೇರಳೆಯೇ ಬೇಕೆಂದರೆ ಮೇ ತಿಂಗಳಲ್ಲಿ ಹೂ ನೋಡಿ ಮರ ಗುರುತಿಟ್ಟುಕೊಳ್ಳಿ, ಮಳೆಗಾಲದಲ್ಲಿ ಅದಕ್ಕೇ ಗೂಟಿ ಕಟ್ಟಿಸಿ.