ಎರಡು ಕೈಗೆ ಮೂರು ಮಕ್ಕಳು

ಮಕ್ಕಳನ್ನು ಕರಕೊಂಡು ಒಂದು ದಿನ ಎಲ್ಲಿಗಾದರೂ ಹೋಗಿ ಬರುತ್ತೇನೆ ದೊಡ್ಡಮ್ಮ, ಮನೆಯಲ್ಲೇ ಕೂತು ಅವಕ್ಕೂ ಸಾಕಾಗಿದೆ ನನಗೂ ಸಾಕಾಗಿದೆ ಎಂದೆಯಲ್ಲ, ಹೋಗು. ಬೇಡ ಎನ್ನುವವಳಲ್ಲ ನಾನು. ಅತ್ತೆಗೆ ಮೊಣಕಾಲು ನೋವು, ಗಂಡ ದುಬೈಯಲ್ಲಿ. ಜೊತೆಗೆ ಯಾರಾದರೂ ಸಿಗಲಿ ಎಂದು ಕಾಯುತ್ತಾ ಕೂತರೆ ಮಕ್ಕಳಿಗೆ ಶಾಲೆಗೆ ಹೋಗುವ ಪ್ರಾಯ ಬಂದುಬಿಡುತ್ತದೆ. ಗಂಡ ಕಡಲಾಚೆ, ಮಕ್ಕಳು ಸೊಂಟದಲ್ಲಿ ಎನ್ನುವ ಹೆಂಗಸರು ನಮ್ಮ ಮಂಗಲ್ಪಾಡಿಯಲ್ಲಿ ನೀನೊಬ್ಬಳೇ ಅಲ್ಲ.

ಆದರೆ ಅವಳಿಗಳಿಗೆ ಇನ್ನೂ ಮೂರು ತುಂಬಿಲ್ಲ, ಮೈದುನನ ಮಗಳಿಗೆ ಈಗಷ್ಟೇ ನಾಲ್ಕು. ನಾನು ಅಂಗನವಾಡಿಯಲ್ಲಿ ಟೀಚರ್ ಆಗಿದ್ದಾಗ ಒಂದು ಮಗುವಿಗೆ ಒಂದಕ್ಕೆ ಬಂದರೆ ಉಳಿದವರನ್ನು ನೋಡಿಕೊಳ್ಳಲು ಹೆಲ್ಪರ್ ಇದ್ದಳು. ನಿನಗಿಲ್ಲ. ಹಾಗಾಗಿ ಹೊರಡುವ ಮೊದಲು ಸ್ವಲ್ಪ ಕೇಳಿಕೋ.

ಎಲ್ಲಕ್ಕಿಂತ ಮೊದಲು ಜಾಗದ ಮಾತು. ನೀನು ಬೇಕಲ ಕೋಟೆ ಎಂದೆ, ಇಲ್ಲದಿದ್ದರೆ ಪಿಲಿಕುಳ ಎಂದೆ. ಬೇಕಲ ಸುಮಾರು 40 ಎಕರೆ, ಪಿಲಿಕುಳ ನಿಸರ್ಗಧಾಮ ಸುಮಾರು 370 ಎಕರೆ. ಎಕರೆಯಲ್ಲಿ ಅಳೆಯುವ ಜಾಗಕ್ಕೆ ಮೂರು ಮಕ್ಕಳ ಜೊತೆ ಒಬ್ಬಳೇ ಹೋಗಬೇಡ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆಯ ಗೋಡೆ ಹೊರಗಿನಿಂದ ಬರುವ ಶತ್ರುವಿಗೆ ಎತ್ತರ, ಒಳಗೆ ಓಡುವ ಮಗುವಿಗೆ ಅಲ್ಲ. ಮೂರು ಮಕ್ಕಳು ಮೂರು ದಿಕ್ಕಿಗೆ ಓಡಿದರೆ ನೀನು ಯಾರ ಹಿಂದೆ ಹೋಗುತ್ತೀ? ಜಾಗ ಚೆಂದ ಇದೆಯಾ ಎಂದು ಕೇಳಬೇಡ, ಹೊರಗೆ ಹೋಗಲು ಎಷ್ಟು ಬಾಗಿಲು ಎಂದು ಕೇಳು. ಒಂದೇ ಗೇಟು, ಆ ಗೇಟಿನ ಬಳಿ ನೀನು: ಇದಕ್ಕಿಂತ ಒಳ್ಳೆಯ ಪ್ರವಾಸಿ ತಾಣ ನಿನಗೆ ಸದ್ಯಕ್ಕೆ ಇಲ್ಲ.

ಅನಂತಪುರವೂ ಬೇಡ. ಹೆಸರು ತೆಗೆದ ಕೂಡಲೇ ಮಕ್ಕಳು ‘ಮೊಸಳೆ, ಮೊಸಳೆ’ ಎನ್ನುತ್ತವೆ, ಗೊತ್ತು. ಅಲ್ಲಿಯ ದೇವಸ್ಥಾನದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಹೋಯಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಗುಡಿ ಇರುವುದೇ ಕೆರೆಯ ನಡುವೆ. ‘ಎಲ್ಲಿ, ಎಲ್ಲಿ’ ಎಂದು ಮೂರೂ ಒಟ್ಟಿಗೆ ನೀರಿಗೆ ಬಗ್ಗಿದರೆ ಹಿಡಿಯುವ ಕೈ ಎರಡೇ. ಅಲ್ಲಿಗೆ ಒಂದು ಮಗುವನ್ನು ಕರಕೊಂಡು ಹೋಗು, ಇಲ್ಲವೇ ಇನ್ನೊಬ್ಬರನ್ನು ಕಟ್ಟಿಕೊಂಡು ಹೋಗು.

ಮಧೂರು ದೇವಸ್ಥಾನ ಆದೀತು. ಹಬ್ಬವಲ್ಲದ ವಾರದ ದಿನ, ಬೆಳಿಗ್ಗೆ ಬೇಗ, ಮಳೆಗಾಲ ಬಿಟ್ಟು. ಎದುರಿಗೇ ಮಧುವಾಹಿನಿ ಹೊಳೆ, ಜೋರು ಮಳೆಗೆ ನೀರು ಅಂಗಳಕ್ಕೇ ಬರುತ್ತದೆ. ಇನ್ನೊಂದು ವಿಷಯ ಹೇಳಿದರೆ ನಗುತ್ತೀ. ಅಲ್ಲಿಯ ಅಪ್ಪ ಪ್ರಸಾದ ಮಕ್ಕಳಿಗೆ ಪ್ರಾಣ. ಅದನ್ನು ನಡೆಯುವಾಗ ಕೈಗೆ ಕೊಡಬೇಡ. ಜಿಡ್ಡಿನ ಆ ಪುಟ್ಟ ಬೆರಳುಗಳು ನಿನ್ನ ಮುಷ್ಟಿಯಿಂದ ಜಾರುವುದು ನಿನಗೆ ಗೊತ್ತೇ ಆಗುವುದಿಲ್ಲ. ಒಂದು ಮೂಲೆಯಲ್ಲಿ ಕೂರಿಸಿ, ತಿನ್ನಿಸಿ, ಬೆರಳು ಬೆರಳು ಒರೆಸಿ, ಆಮೇಲೆ ಏಳು.

ನನ್ನನ್ನು ಕೇಳಿದರೆ ಬಾಯಾರಿಗೆ ಹೋಗು, ಚಿಕ್ಕಪ್ಪನ ತೋಟಕ್ಕೆ. ನೆಂಟರ ಮನೆ ಯಾವ ಟೂರು ಎಂದು ಮೂಗು ಮುರಿಯಬೇಡ. ಆ ಕಡೆ ಗುಡ್ಡದ ಬುಡಕ್ಕೆ ಅಡ್ಡ ಕೊರೆದ ಸುರಂಗಗಳಿವೆಯಲ್ಲ, ಚಿಕ್ಕಪ್ಪನಲ್ಲೂ ಒಂದಿದೆ. ಬಾವಿಯ ಹಾಗೆ ಇಳಿದು ಸೇದಬೇಕಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಪೈಪಿನ ಬಾಯಿಂದ ಬೆರಳು ದಪ್ಪ ಬೀಳುವ ಆ ತಣ್ಣಗಿನ ನೀರಿಗೆ ಒಬ್ಬ ಕೈ ಒಡ್ಡುತ್ತಾನೆ, ಒಬ್ಬ ಬಾಯಿ ಒಡ್ಡುತ್ತಾನೆ, ಹುಡುಗಿ ಚಪ್ಪಲಿ ತೊಳೆಯುತ್ತಾಳೆ. ಒಂದು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ಆದರೆ ಆ ನೀರು ಹೋಗಿ ನಿಲ್ಲುವ ಟ್ಯಾಂಕಿಯ ಹತ್ತಿರ ಬಿಡಬೇಡ, ಸುರಂಗದ ಬಾಯಿಗೂ ಬಿಡಬೇಡ. ತಲುಪಿದ ಕೂಡಲೇ ಚಾ ಕುಡಿಯುವ ಮೊದಲು ಅಂಗಳ ಒಮ್ಮೆ ಸುತ್ತು: ಬಾವಿಗೆ ಕಟ್ಟೆ ಇದೆಯಾ, ಕೆಂಪುಕಲ್ಲು ತೆಗೆದ ಹೊಂಡ ಎಲ್ಲಿ, ನಾಯಿ ಕಟ್ಟಿದ್ದಾರಾ. ಚಿಕ್ಕಪ್ಪನಿಗೆ ವಯಸ್ಸಾಗಿದೆ, ‘ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಾರೆ, ನಿದ್ದೆ ಹೋಗುತ್ತಾರೆ.

ಕಡಲಿನ ಮಾತು ಒಂದೇ. ಒಬ್ಬಳೇ ಇರುವಾಗ ಒದ್ದೆ ಮರಳಿನ ಗೆರೆ ದಾಟಬೇಡ, ಕಾಲು ನೆನೆಸಲಿಕ್ಕೂ. ಕೊರೆತ ತಡೆಯಲು ಹಾಕಿದ ಕರಿಕಲ್ಲಿನ ಮೇಲೆ ಹತ್ತಿಸಬೇಡ. ನೀರಿಗೆ ಬಿದ್ದ ಸಣ್ಣ ಮಗು ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಗುವುದಿಲ್ಲ, ಸುಮ್ಮನೆ ಮುಳುಗುತ್ತದೆ. ಗೇಣುದ್ದ ನೀರು ಸಾಕು.

ಈಗ ಹೋಗುವುದು ಹೇಗೆ. ಬಸ್ಸು ಬೇಡ. ಹೆದ್ದಾರಿ 66 ಆರು ಪಥ ಆದ ಮೇಲೆ ಉಪ್ಪಳದಲ್ಲಿ ರಸ್ತೆ ದಾಟುವ ನಮ್ಮ ಹಳೆಯ ಅಭ್ಯಾಸವನ್ನು ಮರೆಯಬೇಕು. ಎದುರು ಬದಿಗೆ ಹೋಗಬೇಕೆಂದರೆ ಅಂಡರ್‌ಪಾಸ್ ಹುಡುಕಿ ನಡೆಯಬೇಕು. ಮೂವರ ಜೊತೆ ಅಷ್ಟು ನಡೆದರೆ ಪ್ರವಾಸ ಅಲ್ಲಿಗೇ ಮುಗಿಯಿತು. ರೈಲು ಹತ್ತಿಸುವ ಆಸೆಯೂ ಬೇಡ, ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ ನಿಜ, ಆದರೆ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವ ಹೊತ್ತಿನಲ್ಲಿ ಇಬ್ಬರು ಒಳಗೆ, ಒಬ್ಬ ಪ್ಲಾಟ್‌ಫಾರ್ಮಿನಲ್ಲಿ ಎಂದಾದರೆ? ಪರಿಚಯದ ರಿಕ್ಷಾದವನಿಗೆ ಹಿಂದಿನ ದಿನವೇ ಹೇಳಿಡು. ಮನೆಯಿಂದ ಎತ್ತಿ, ಕೈಕಂಬದಿಂದ ಬಾಯಾರು ರಸ್ತೆ ಹಿಡಿದು, ಅಂಗಳಕ್ಕೇ ಇಳಿಸಲಿ. ವೆಯಿಟಿಂಗ್ ದುಡ್ಡು ಕೊಟ್ಟು ಅವನನ್ನು ಅಲ್ಲೇ ನಿಲ್ಲಿಸಿಕೋ. ಹಣ ಜಾಸ್ತಿ ಆಯಿತು ಎಂದು ಅತ್ತೆ ಗೊಣಗಿದರೆ ನನ್ನ ಹೆಸರು ಹೇಳು.

ಇಳಿದು ನಡೆಯುವಲ್ಲಿ ಅವಳಿಗಳಲ್ಲಿ ಓಡುವವನು ಯಾರು ಎಂದು ನಿನಗೆ ಗೊತ್ತು. ಅವನನ್ನು ಹಳೆಯ ಸೀರೆಯಲ್ಲಿ ಸೊಂಟಕ್ಕೆ ಭದ್ರ ಕಟ್ಟಿಕೋ. ಉಳಿದ ಇಬ್ಬರಿಗೆ ಎರಡು ಕೈ. ಚೀಲ ಬೆನ್ನಿಗೆ. ‘ತಮ್ಮನನ್ನು ನೋಡಿಕೋ’ ಎಂದು ಆ ನಾಲ್ಕು ವರ್ಷದವಳಿಗೆ ಹೇಳಬೇಡ, ಅವಳೂ ಮಗುವೇ. ಒಬ್ಬನಿಗೆ ಒಂದಕ್ಕೆ ಬಂದರೆ ಮೂವರೂ ಎದ್ದು ನಡೆಯಬೇಕು, ‘ಇಲ್ಲೇ ಕೂತಿರಿ, ಈಗ ಬಂದೆ’ ಎನ್ನುವ ಮಾತು ಇಲ್ಲ.

ಫೋನು ಚೀಲದೊಳಗೆ ಇರಲಿ. ಇದನ್ನು ಒತ್ತಿ ಹೇಳುತ್ತೇನೆ ಮಾರಾಯ್ತಿ. ನಮಗೆ ಒಂಬತ್ತೂವರೆ ಆಗುವಾಗ ದುಬೈಯಲ್ಲಿ ಎಂಟು ಗಂಟೆ, ಕೆಲಸಕ್ಕೆ ಹೊರಡುವ ಮೊದಲು ನಿನ್ನ ಗಂಡ ವಿಡಿಯೋ ಕಾಲ್ ಮಾಡುತ್ತಾನೆ. ಪಾಪ, ಮಕ್ಕಳ ಮುಖ ನೋಡುವ ಆಸೆ. ನೀನು ಫೋನು ಎತ್ತಿ ಒಂದು ಮಗುವಿನ ಮುಖಕ್ಕೆ ಹಿಡಿಯುತ್ತೀ, ಇನ್ನೊಂದನ್ನು ಕರೆಯುತ್ತೀ, ಮೂರನೆಯದು ಎಲ್ಲಿದೆ? ಮಗು ಕಣ್ತಪ್ಪುವುದು ಸಂತೆಯ ಗಲಾಟೆಯಲ್ಲೇ ಆಗಬೇಕೆಂದಿಲ್ಲ, ‘ಪಪ್ಪನಿಗೆ ಟಾಟಾ ಮಾಡು’ ಎನ್ನುವ ಹೊತ್ತಿನಲ್ಲೂ ಆಗುತ್ತದೆ. ನಾಳೆ ಮಧ್ಯಾಹ್ನದ ಮೇಲೆ ಮಾಡಿ ಎಂದು ಮುಂಚಿನ ರಾತ್ರಿಯೇ ಅವನಿಗೆ ಹೇಳಿಬಿಡು. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಿನ್ನ ನಂಬರನ್ನು ಮಾರ್ಕರಿನಲ್ಲಿ ಅಂಗಿಯ ಒಳಬದಿಗೆ ಬರೆ, ಹೊರಗೆ ಕಾಣುವ ಹಾಗೆ ಬೇಡ. ‘ಅಮ್ಮನ ಹೆಸರೇನು’ ಎಂದು ಅವಳಿಗಳನ್ನು ಒಮ್ಮೆ ಕೇಳಿ ನೋಡು. ‘ಅಮ್ಮ’ ಎನ್ನುತ್ತವೆ. ಈ ವಾರವಿಡೀ ಊಟದ ಹೊತ್ತಿಗೆ ನಿನ್ನ ಹೆಸರನ್ನೂ ಊರಿನ ಹೆಸರನ್ನೂ ಬಾಯಿಪಾಠ ಮಾಡಿಸು. ನಮ್ಮ ಪೇಟೆಯಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳುವವರು ತುಳುವಿನಲ್ಲಿ ಕೇಳಬಹುದು, ಬ್ಯಾರಿಯಲ್ಲಿ, ಮಲಯಾಳದಲ್ಲಿ, ಉಪ್ಪಳದ ಕಡೆಯಾದರೆ ಉರ್ದುವಿನಲ್ಲೂ ಕೇಳಬಹುದು. ಹೆಸರು ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಯಾರಾದರೂ ಕಾಣದಿದ್ದರೆ ಮೊದಲು ನೀರಿರುವ ಕಡೆ ನೋಡು, ಆಮೇಲೆ ರಸ್ತೆ, ಆಮೇಲೆ ಉಳಿದದ್ದು. ನಾಚಿಕೆ ಬಿಟ್ಟು ದೊಡ್ಡಕ್ಕೆ ಕೂಗು. ‘ಯಾರಾದರೂ ನೋಡಿ’ ಎನ್ನಬೇಡ, ಯಾರೂ ನೋಡುವುದಿಲ್ಲ. ‘ಅಣ್ಣಾ, ಕೆಂಪು ಅಂಗಿಯವರೇ, ಇವರಿಬ್ಬರನ್ನು ಹಿಡಿದುಕೊಳ್ಳಿ’ ಎಂದು ಒಬ್ಬರನ್ನೇ ಬೆರಳು ತೋರಿಸಿ ಹೇಳು. ಸಿಗದಿದ್ದರೆ ತಡಮಾಡದೆ 112ಕ್ಕೆ ಫೋನು ಮಾಡು, ಮಕ್ಕಳ ಸಹಾಯವಾಣಿ 1098.

ತಿನ್ನಲಿಕ್ಕೆ ನೆಲಗಡಲೆ, ಇಡೀ ದ್ರಾಕ್ಷಿ, ರಂಬುಟಾನ್ ಯಾವುದೂ ಬೇಡ, ರಿಕ್ಷಾ ಕುಲುಕಿದರೆ ಸೀದಾ ಗಂಟಲಿಗೆ. ಅಂಗನವಾಡಿಯಲ್ಲಿ ಕೊಡುವ ಅಮೃತಂ ಪುಡಿ ನಿನ್ನಲ್ಲಿ ಡಬ್ಬಿಗಟ್ಟಲೆ ಬಿದ್ದಿದೆಯಲ್ಲ. ಕುಟುಂಬಶ್ರೀ ಹೆಂಗಸರು ಮಾಡುವ ಆ ಪುಡಿಯ ಪಾಕ ಹುಟ್ಟಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ, ಅದು ಎಷ್ಟು ಜನಕ್ಕೆ ಗೊತ್ತೋ. ಬೆಲ್ಲ, ತೆಂಗಿನತುರಿ ಹಾಕಿ ಉಂಡೆ ಕಟ್ಟು. ಚೆಲ್ಲುವುದಿಲ್ಲ. ಅದರ ಜೊತೆಗೆ ಬಾಳೆಹಣ್ಣು, ಕುದಿಸಿ ಆರಿಸಿದ ನೀರು. ಬೊಂಡ ಚಿಕ್ಕಪ್ಪ ಕೆತ್ತಿ ಕೊಡುತ್ತಾರೆ.

ಹನ್ನೊಂದಕ್ಕೆ ಹೊರಟುಬಿಡು. ‘ಇನ್ನೂ ಸ್ವಲ್ಪ ಹೊತ್ತು’ ಎಂದು ಅವು ಅತ್ತರೂ ಹೊರಡು. ಹನ್ನೆರಡರ ಬಿಸಿಲಿನಲ್ಲಿ ಅದೇ ಅಳುವಿಗೆ ಔಷಧ ಇಲ್ಲ. ರಿಕ್ಷಾದಲ್ಲಿ ಮೂರೂ ನಿದ್ದೆ ಹೋಗುತ್ತವೆ, ಗ್ಯಾರಂಟಿ. ಮನೆ ಎದುರು ನಿಂತಾಗ ಮೂರು ನಿದ್ದೆಯ ಮಕ್ಕಳನ್ನು ಒಬ್ಬಳೇ ಒಳಗೆ ಹೊರುವುದು ಹೇಗೆ ಎಂದು ಹೋಗುವ ಮೊದಲು ಯೋಚಿಸಿದವರು ಕಡಿಮೆ. ಒಂದನ್ನು ಮಲಗಿಸಿ ಬರುವಷ್ಟರಲ್ಲಿ ಉಳಿದೆರಡು ರಿಕ್ಷಾದಲ್ಲಿ ಒಂಟಿಯಾಗಿ ಇರಬಾರದು. ಕೈಕಂಬ ತಲುಪುವಾಗ ಪಕ್ಕದ ಮನೆಯವಳಿಗೆ ಒಂದು ಮಿಸ್ಡ್ ಕಾಲ್ ಕೊಡು, ಗೇಟಿನ ಹತ್ತಿರ ಬಂದು ನಿಲ್ಲಲಿ. ಗಂಜಿ ಬೆಳಿಗ್ಗೆಯೇ ಮಾಡಿಟ್ಟು ಹೋಗು.

ರೈಲು ಬೇಕೇ ಬೇಕು ಎಂದು ಮಕ್ಕಳು ಹಟ ಹಿಡಿದರೆ ನನಗೆ ಹೇಳು. ಮಂಗಳೂರು ಸೆಂಟ್ರಲ್‌ನಲ್ಲಿ ಗಾಡಿ ಹೊರಡುವ ಮೊದಲೇ ನಿಂತಿರುತ್ತದೆ, ಆರಾಮವಾಗಿ ಹತ್ತಬಹುದು. ಉಪ್ಪಳದಲ್ಲಿ ನಾನು ಮೊದಲು ಇಳಿದು ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ, ನೀನು ಕೊನೆಗೆ ಇಳಿ. ಭಾನುವಾರ ಮಾತ್ರ ಬೇಡ, ಅವತ್ತು ನನಗೆ ಕುಟುಂಬಶ್ರೀಯ ಅಯಲ್ಕೂಟದ ಸಭೆ ಇರುತ್ತದೆ.