ಬೆರಗಿನ ಬೆನ್ನು ಹತ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರನ್ನು ಕೇಳಿ ನೋಡಿ: ‘ನಮ್ಮ ಕಡಿ ಏನೈತ್ರೀ ನೋಡಾಕ? ಬರೇ ಎರಿ, ಬರೇ ಬಿಸಲ’ ಅಂತಾರೆ. ಬದುಕಿಗೆ ಗುರಿ ಹುಡುಕುವವರು ಮೊದಲು ಈ ಮಾತು ಬಿಡಬೇಕು. ಬೆರಗಿನ ಬೆನ್ನು ಹತ್ತಿದರೆ ಗುರಿ ತಾನಾಗಿ ಕಾಣುತ್ತದೆ. ಬೆನ್ನು ಹತ್ತುವುದು ಹೀಗೆ:

1. ಕಾಲಡಿಯಿಂದ ಶುರು ಮಾಡಿ. ಏಪ್ರಿಲ್‌ನಲ್ಲಿ ಎರೆಹೊಲಕ್ಕೆ ಹೋಗಿ ಬಿರುಕಿನೊಳಗೆ ಕೋಲು ಇಳಿಸಿ. (ಕೈ ಬೇಡ, ಚೇಳು ಇದ್ದೀತು.) ಎಷ್ಟು ಆಳ! ಮಳೆ ಬಿದ್ದರೆ ಅದೇ ಬಿರುಕು ತಾನಾಗಿ ಮುಚ್ಚುತ್ತದೆ. ಮೇಲಿನ ಮಣ್ಣು ಒಳಗಿಳಿದು ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಈ ಮಣ್ಣಿನ ತಾಯಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಚಳಿಗಾಲವಿಡೀ ಮಳೆ ಕಾಣದೆಯೂ ತೆನೆ ಕಟ್ಟುವುದು ಈ ಮಣ್ಣು ಹಿಡಿದಿಟ್ಟ ಹಸಿಯಿಂದ.

2. ಬೆರಗನ್ನು ಪ್ರಶ್ನೆ ಮಾಡಿಕೊಳ್ಳಿ. ಫೋಟೊ ಹೊಡೆದು ಸ್ಟೇಟಸ್‌ಗೆ ಹಾಕಿದರೆ ಮರುದಿನಕ್ಕೆ ಮಾಯ. ಪ್ರಶ್ನೆಯಾದರೆ ಉಳಿಯುತ್ತದೆ. ನಮ್ಮ ಡೋಣಿ ಹೊಳೆಯನ್ನೇ ನೋಡಿ: ಡೋಣಿ ಹರಿದರೆ ಓಣಿ ತುಂಬ ಜೋಳ ಅನ್ನುವ ಮಾತಿದೆ, ಆ ಹೊಳೆಯ ನೀರು ಮಾತ್ರ ಉಪ್ಪು. ಯಾಕೆ? ಇದೊಂದನ್ನೇ ಪಟ್ಟು ಹಿಡಿದು ಕೇಳುವ ತಾಳಿಕೋಟಿಯ ಹುಡುಗಿಗೆ ಭೂವಿಜ್ಞಾನ, ಕೃಷಿ, ನೀರಾವರಿ ಎಲ್ಲದರ ಬಾಗಿಲೂ ತೆರೆದಿದೆ.

3. ಬರೆದಿಡಿ. ಹಳೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯ ಹಿನ್ನೀರು ಬೇಸಿಗೆಯ ಹೊತ್ತಿಗೆ ತಗ್ಗಿದಾಗ ರಾಜಹಂಸಗಳು ಇಳಿಯುತ್ತವೆ. ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರು ಸೋಸಿ ತಿನ್ನುತ್ತವೆ. ತಾರೀಕು, ಜಾಗ, ಎಣಿಕೆ ನೋಟ್‌ಬುಕ್ಕಿಗೆ ಸೇರಲಿ. ಹತ್ತು ವರ್ಷ ಬಿಡದೆ ಬರೆದರೆ ಸಂಶೋಧಕರೇ ನಿಮ್ಮ ಮನೆ ಹುಡುಕಿಕೊಂಡು ಬಂದಾರು.

4. ಎಳ್ಳಮಾವಾಸ್ಯೆಗೆ ಚರಗ (ಭೂಮಿತಾಯಿಯ ಎಡೆ) ಚೆಲ್ಲಲು ಹೊಲಕ್ಕೆ ಹೋಗಿ. ಊಟ ಮುಗಿದ ಮೇಲೆ ಮೊಬೈಲ್ ಮುಟ್ಟದೆ ಒಂದು ತಾಸು ಅಲ್ಲೇ ಕೂತಿರಿ.

5. ದೊಡ್ಡದನ್ನು ನೋಡಿ, ಆಸೆ ಸಣ್ಣದಾಗಲಿ. ಬಿಜ್ಜರಗಿಯಲ್ಲಿ ಹುಟ್ಟಿದ, ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಪ್ರವಚನದಲ್ಲಿ ನಿಸರ್ಗದ ಸೊಬಗು ಹೇಳುತ್ತ ಹೇಳುತ್ತಲೇ ಬದುಕಿನ ಮಾತಿಗೆ ಬರುತ್ತಿದ್ದರು. 2018ರಲ್ಲಿ ಪದ್ಮಶ್ರೀ ಒಲ್ಲೆ ಎಂದರು. ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ತೀರಿಕೊಂಡರು. ಗುರಿ ಎಂದರೆ ಹುದ್ದೆ, ಸಂಬಳ ಎಂದು ಮಾತ್ರ ಲೆಕ್ಕ ಹಾಕುವ ಯಶಸ್ಸಿನ ಪುಸ್ತಕಗಳಿಗಿಂತ ಈ ಬದುಕು ನನಗೆ ಹೆಚ್ಚು ಕಲಿಸುತ್ತದೆ.

6. ಬೆರಗಿಗೆ ಕೆಲಸ ಹಚ್ಚಿ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದರ ಹಿಂದೆ ಬಿಸಿಲಿನಲ್ಲೂ ಗಿಡ ಉಳಿಸಿಕೊಂಡ ರೈತರಿದ್ದಾರೆ. ನೀವೂ ಬದುವಿಗೆ ಒಂದು ಬೇವು ಹಚ್ಚಿ. ಸೆಲ್ಫಿ ಮಾತ್ರ ಹಚ್ಚಿದ ದಿನ ಬೇಡ. ಮುಂದಿನ ಮೇ ತಿಂಗಳು ದಾಟಿಸಿದ ಮೇಲೆ ತೆಗೆದುಕೊಳ್ಳಿ.